ಇಪ್ಪತ್ತೈದು ಅಂಕಿಗಳಾಚೆ ದಾರಿಯಿಲ್ಲ

3608528850368400786036725. ಈ ಸಂಖ್ಯೆಯ ಮೊದಲ ಎರಡು ಅಂಕಿಗಳಿಂದಾದ 36 ಎರಡರಿಂದ ಭಾಗವಾಗುತ್ತದೆ. ಮೊದಲ ಮೂರರ 360 ಮೂರರಿಂದ, 3608 ನಾಲ್ಕರಿಂದ, 36085 ಐದರಿಂದ. ಎಡದಿಂದ ಎಷ್ಟು ಅಂಕಿ ತೆಗೆದುಕೊಂಡರೆ ಅಷ್ಟರಿಂದಲೇ ಶೇಷವಿಲ್ಲದೆ ಭಾಗವಾಗುವ ಈ ಗುಣ ಕೊನೆಯ ಅಂಕಿಯವರೆಗೂ ನಿಲ್ಲುತ್ತದೆ ಎಂದು ಓದಿದಾಗ ನನಗೆ ಅನುಮಾನವೇ ಬಂತು. ಅದ್ಭುತ ಸಂಖ್ಯೆಗಳೆಂದು ಹರಿದಾಡುವುದರಲ್ಲಿ ಜೊಳ್ಳೇ ಹೆಚ್ಚು. ಹಾಗಾಗಿ ಒಂದು ರಜಾದಿನ ಕಂಪ್ಯೂಟರ್ ಮುಟ್ಟದೆ ಹಾಳೆ, ಪೆನ್ನು ಹಿಡಿದು ಕುಳಿತೆ.

ಹನ್ನೆರಡರವರೆಗೆ ಏಳೊಂದನ್ನು ಬಿಟ್ಟರೆ ಶಾಲೆಯಲ್ಲಿ ಕಲಿತ ಸೂತ್ರಗಳೇ ಸಾಕಾದವು. ಹನ್ನೊಂದಂತೂ ಸೊಗಸು: 36085288503ರಲ್ಲಿ ಒಂದು ಬಿಟ್ಟು ಒಂದು ಅಂಕಿ ಕೂಡಿದರೆ 24, ಉಳಿದವನ್ನು ಕೂಡಿದರೂ 24. ಹದಿನೇಳು, ಹತ್ತೊಂಬತ್ತು, ಇಪ್ಪತ್ತಮೂರು ಬಂದಾಗ ಉದ್ದನೆಯ ಭಾಗಾಕಾರಕ್ಕೆ ಗತಿಯಿಲ್ಲ. ಆದರೆ ಭಾಗಲಬ್ಧ ಯಾರಿಗೆ ಬೇಕು? ಕೈಯಲ್ಲಿರುವ ಶೇಷವನ್ನು ಹತ್ತರಿಂದ ಗುಣಿಸಿ, ಮುಂದಿನ ಅಂಕಿ ಕೂಡಿಸಿ, ಭಾಜಕವನ್ನು ಕಳೆಯುತ್ತಾ ಹೋದರಾಯಿತು. ಹದಿನಾರು ಅಂಕಿ ಮುಗಿದಾಗ ಹದಿನೇಳರ ಶೇಷ 1 ಉಳಿಯಿತು. ಹತ್ತು ಪಟ್ಟು ಮಾಡಿದರೆ 10. ಮುಂದಿನ ಅಂಕಿ 7. ಅಲ್ಲಿಗೆ ಸರಿಯಾಗಿ 17! ಇಪ್ಪತ್ತಮೂರರ ಸರದಿಯಲ್ಲಿ ಕೊನೆಗೆ ಉಳಿದದ್ದು 20. 200ಕ್ಕೆ 7 ಸೇರಿ 207, ಅಂದರೆ 23ರ ಒಂಬತ್ತು ಪಟ್ಟು. ನನ್ನ ಅನುಮಾನ ಅಲ್ಲಿಗೆ ಸತ್ತಿತು.

ಇಷ್ಟಾದ ಮೇಲೆ ಇಂಥವು ಇನ್ನೆಷ್ಟಿವೆ ಎಂಬ ಕುತೂಹಲ ಹುಟ್ಟಿತು. ಒಟ್ಟು 20,456 ಇವೆಯಂತೆ. ಇದನ್ನು ಕೈಯಲ್ಲಿ ಎಣಿಸುವ ಹುಚ್ಚು ನನಗಿಲ್ಲ. ಒಂಬತ್ತು ಅಂಕಿಯವು 2,492, ಹತ್ತು ಅಂಕಿಯವೂ ಅಷ್ಟೇ. ಕಾರಣ ಸರಳ: ಹತ್ತರಿಂದ ಭಾಗವಾಗಲು ಕೊನೆಗೆ ಸೊನ್ನೆಯನ್ನೇ ಇಡಬೇಕು, ಬೇರೆ ಆಯ್ಕೆಯಿಲ್ಲ. ಅಲ್ಲಿಂದಾಚೆ ಇಳಿಜಾರು. ಭಾಜಕ ಬೆಳೆಯುತ್ತಲೇ ಹೋಗುತ್ತದೆ, ನಮ್ಮ ಬಳಿ ಇರುವುದು ಅದೇ ಹತ್ತು ಅಂಕಿಗಳು. ಇಪ್ಪತ್ತನಾಲ್ಕು ಅಂಕಿಗೆ ಬರುವಷ್ಟರಲ್ಲಿ ಉಳಿಯುವುದು ಮೂರೇ ಸಂಖ್ಯೆಗಳು, ಇಪ್ಪತ್ತೈದಕ್ಕೆ ನಮ್ಮದೊಂದೇ. ಇದು ಹತ್ತರ ಆಧಾರದಲ್ಲಿ ಬರೆಯುವ ನಮ್ಮ ಪದ್ಧತಿಯ ಫಲ ಎಂದು ಮೂಗು ಮುರಿಯುವವರಿದ್ದಾರೆ. ಇರಲಿ. ಬೇರೆ ಆಧಾರದಲ್ಲಿ ಎಣಿಸುವವರಿಗೆ ಬೇರೊಂದು ಕೊನೆಯ ಸಂಖ್ಯೆ ಸಿಗುತ್ತದೆ, ಆದರೆ ಕೊನೆಯೆಂಬುದು ಅವರಿಗೂ ತಪ್ಪಿದ್ದಲ್ಲ.

ಹಾಳೆಯಲ್ಲಿ ಇನ್ನೂ ಜಾಗವಿತ್ತು. ಇಪ್ಪತ್ತಾರನೆಯ ಅಂಕಿ ಏಕೆ ಬಾರದು ಎಂದು ನೋಡಿಯೇ ಬಿಡೋಣವೆಂದು ಸಂಖ್ಯೆಯ ತುದಿಗೆ ಸೊನ್ನೆ ಇಟ್ಟು 26ರಿಂದ ಭಾಗಿಸಿದೆ. ಶೇಷ 12. ಪೂರ್ತಿ ಭಾಗವಾಗಬೇಕಾದರೆ ಆ ಸೊನ್ನೆಯ ಜಾಗದಲ್ಲಿ 14 ಕೂರಬೇಕು, ಒಂದೇ ಅಂಕಿಯಾಗಿ.