ನಾಲ್ಕು ಪೌಂಡಿನ ಮಳೆಗಾಲದ ಚಪ್ಪಲಿ

2025ರ ಜೂನ್. ನಾನಿರುವ ಇಂಗ್ಲೆಂಡಿನಲ್ಲಿ ಆಗ ಬೇಸಿಗೆ. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋದರೆ ಪಕ್ಕದ ಸೀಟಿನ ಹುಡುಗಿ ಕಾಲು ಚಾಚಿಕೊಂಡು ಎಲ್ಲರಿಗೂ ಹೊಸ ಚಪ್ಪಲಿ ತೋರಿಸುತ್ತಿದ್ದಳು. ನಾನೂ ಬಗ್ಗಿ ನೋಡಿದೆ. ಪೂರ್ತಿ ಪ್ಲಾಸ್ಟಿಕ್. ಬೆರಳುಗಳ ಮೇಲೆ ಬುಟ್ಟಿ ಹೆಣೆದ ಹಾಗೆ ಪಟ್ಟಿಗಳು, ಹಿಮ್ಮಡಿಗೆ ಇನ್ನೊಂದು ಪಟ್ಟಿ, ಪಕ್ಕದಲ್ಲಿ ಪುಟ್ಟ ಬಕಲ್. "ಜೆಲ್ಲಿ ಶೂ! ಈ ಬೇಸಿಗೆಗೆ ಇದೇ" ಅಂದಳು.

ನಾನು ಚೆನ್ನಾಗಿದೆ ಅಂದೆ. ಒಳಗೊಳಗೇ ನಗು. ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಪ್ರತಿ ಜೂನ್‌ನಲ್ಲೂ ಅಪ್ಪ ಮಲೆನಾಡಿನ ನಮ್ಮ ಕೊಪ್ಪದ ಅಂಗಡಿಯಿಂದ ನನಗೆ ತಂದುಕೊಡುತ್ತಿದ್ದದ್ದು ಇದೇ ಚಪ್ಪಲಿ. ಬಣ್ಣ ಮಾತ್ರ ಬೇರೆ. ನಮ್ಮದು ಕಂದು ಅಥವಾ ಕಪ್ಪು, ಕೆಸರು ಕಾಣಬಾರದು ಅಂತ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನಲ್ಲಿ ಚರ್ಮದ ಶೂ ಒದ್ದೆಯಾದರೆ ಒಣಗುವ ಮಾತೇ ಇಲ್ಲ. ಎರಡೇ ದಿನಕ್ಕೆ ಬೂಷ್ಟು. ಪ್ಲಾಸ್ಟಿಕ್ ಚಪ್ಪಲಿಗೆ ಆ ಚಿಂತೆಯಿಲ್ಲ. ಹಳ್ಳ ದಾಟಿದರೆ ಒಂದು ಕಡೆಯಿಂದ ನೀರು ನುಗ್ಗುತ್ತದೆ, ಇನ್ನೊಂದು ಕಡೆಯಿಂದ ಹೋಗುತ್ತದೆ. ರಕ್ತ ಹೀರುವ ಉಂಬಳವೂ (ಜಿಗಣೆ) ಅದೇ ತೂತಿನಿಂದ ಒಳಗೆ ಬರುತ್ತದೆ ಅನ್ನುವುದು ಬೇರೆ ವಿಷಯ. ಅಪ್ಪನ ಕಾಲದವರು ಇಂಥದ್ದಕ್ಕೆ ಬಾಟಾದ ಸ್ಯಾಂಡಕ್ ಅನ್ನುತ್ತಿದ್ದರು. ನಮಗೆ ಅದು ಸುಮ್ನೆ ಮಳೆಗಾಲದ ಚಪ್ಪಲಿ.

ಮಧ್ಯಾಹ್ನ ಊಟ ಮಾಡುತ್ತಾ ಫೋನಿನಲ್ಲಿ ಹುಡುಕಿದೆ. ನನ್ನ ಚಪ್ಪಲಿ ದೊಡ್ಡ ಮನೆತನದ್ದು ಅಂತ ಆಗ ಗೊತ್ತಾಯಿತು! ಎರಡನೇ ಮಹಾಯುದ್ಧ ಮುಗಿದಾಗ ಫ್ರಾನ್ಸಿನಲ್ಲಿ ಚರ್ಮಕ್ಕೆ ಬರ. 1946ರಲ್ಲಿ ಜಾನ್ ದೋಫಾನ್ ಅನ್ನುವವರು ಪ್ಲಾಸ್ಟಿಕ್ಕಿನಲ್ಲಿ ಚಪ್ಪಲಿ ಎರಕ ಹೊಯ್ದರು. ಕಲ್ಲು ತುಂಬಿದ ಕಡಲ ದಂಡೆಯಲ್ಲಿ ಮೀನು ಹಿಡಿಯುವವರಿಗೆ, ಮಕ್ಕಳಿಗೆ ಅದು ಒಗ್ಗಿಹೋಯಿತು. ಇನ್ನು ಬ್ರೆಜಿಲಿನ ಗ್ರೆಂಡೆನೆ ಕಂಪನಿ 1971ರಲ್ಲಿ ಶುರುವಾಗಿದ್ದು ವೈನ್ ಬಾಟಲಿಗೆ ಪ್ಲಾಸ್ಟಿಕ್ ಹೊದಿಕೆ ಮಾಡಲಿಕ್ಕೆ. ಆ ಫ್ರೆಂಚ್ ಬೆಸ್ತರ ಚಪ್ಪಲಿ ನೋಡಿ 1979ರಲ್ಲಿ ಅವರು ಮೆಲಿಸ್ಸಾ ಅನ್ನುವ ಹೆಸರಲ್ಲಿ ತಾವೂ ಮಾಡಿದರು. ಎಂಬತ್ತರ ದಶಕದಲ್ಲಿ ಇದು ಎಲ್ಲೆಲ್ಲೂ ಹರಡಿತು, ಆಮೇಲೆ ಮೂಲೆ ಸೇರಿತು. 2024ರಲ್ಲಿ ದಿ ರೋ ಅನ್ನುವ ದುಬಾರಿ ಬ್ರ್ಯಾಂಡ್ ನೂರಾರು ಡಾಲರ್ ಬೆಲೆ ಕಟ್ಟಿ ಮತ್ತೆ ತಂದಿತು. ಅದರ ಬೆನ್ನಿಗೇ ಸಾಮಾನ್ಯ ಅಂಗಡಿಗಳೂ ಹೊರಟವು.

ಸರಿ, ಮೂವತ್ತು ವರ್ಷ ಮುಂಚೆಯೇ ಹಾಕಿ ಸವೆಸಿದವಳು ನಾನು, ಈಗ ಯಾಕೆ ಬಿಡಬೇಕು ಅನ್ನಿಸಿತು. ಆದರೆ ಬಜೆಟ್ 15 ಪೌಂಡ್, ಅಷ್ಟೇ. ಪೌಂಡಿಗೆ ಸುಮಾರು 115 ರೂಪಾಯಿ ಲೆಕ್ಕ ಹಾಕಿದರೂ ಅದೇನು ಕಮ್ಮಿ ದುಡ್ಡಲ್ಲ. ಇಲ್ಲಿಗೆ ಬಂದು ಆರು ವರ್ಷವಾಯಿತು, ಇನ್ನೂ ಪ್ರತಿಯೊಂದನ್ನೂ ರೂಪಾಯಿಗೆ ಗುಣಿಸುವ ಚಟ ಹೋಗಿಲ್ಲ.

ನಾನಿರುವುದು ರೆಡಿಂಗ್‌ನಲ್ಲಿ. ಇಂಗ್ಲಿಷಿನಲ್ಲಿ ಓದುವುದಕ್ಕೂ ಈ ಊರಿಗೂ ಒಂದೇ ಸ್ಪೆಲಿಂಗ್, ಹಾಗಾಗಿ ಹೊಸದಾಗಿ ಬಂದವರೆಲ್ಲ ರೀಡಿಂಗ್ ಅನ್ನುತ್ತಾರೆ. ಇಲ್ಲಿನ ಪೇಟೆ ಬೀದಿಯಲ್ಲಿ ಹೊಸ ಜೋಡಿಗೆ 14 ಪೌಂಡ್ ಇತ್ತು. ಬಜೆಟ್ ಒಳಗೇ, ಆದರೂ ಕೈ ಬರಲಿಲ್ಲ. ಸೇಲ್ ಬರಲಿ ಅಂತ ಕಾದೆ. ಇಂಥ ಟ್ರೆಂಡಿನ ಫಜೀತಿಯೇ ಇದು. ಅಗ್ಗಕ್ಕೆ ಬೇಕೆಂದರೆ ಕಾಯಬೇಕು, ಕಾದರೆ ಬೇಸಿಗೆ ಮುಗಿಯುತ್ತದೆ. ಜುಲೈನಲ್ಲಿ ಬೆಲೆ ಇಳಿಯಿತು, ಆದರೆ ಉಳಿದಿದ್ದು 3 ಮತ್ತು 8ನೇ ನಂಬರ್ ಮಾತ್ರ. ನನ್ನದು 5.

ಕೊನೆಗೆ ಸಿಕ್ಕಿದ್ದು ಮನೆ ಹತ್ತಿರದ ಚಾರಿಟಿ ಶಾಪಿನಲ್ಲಿ. ಜನ ತಮಗೆ ಬೇಡವಾದದ್ದನ್ನು ದಾನ ಕೊಡುತ್ತಾರೆ, ಅಂಗಡಿ ಅದನ್ನು ಮಾರಿ ಬಂದ ದುಡ್ಡನ್ನು ಒಳ್ಳೆಯ ಕೆಲಸಕ್ಕೆ ಹಾಕುತ್ತದೆ. ಇಲ್ಲಿನ ಪ್ರತಿ ಪೇಟೆಯಲ್ಲೂ ಇಂಥವು ನಾಲ್ಕೈದು ಇರುತ್ತವೆ. ಶೆಲ್ಫಿನ ಕೆಳಗಿನ ಸಾಲಿನಲ್ಲಿ, ಯಾರದೋ ಉಲ್ಲನ್ ಬೂಟುಗಳ ನಡುವೆ ಅದು ಕೂತಿತ್ತು. ಗಾಜಿನಂತೆ ಪಾರದರ್ಶಕ, ಒಳಗೆ ಬೆಳ್ಳಿ ಮಿಂಚು. ಐದನೇ ನಂಬರ್. ಬೆಲೆ ಚೀಟಿಯ ದಾರ ಕೂಡ ಕತ್ತರಿಸಿರಲಿಲ್ಲ. ಯಾರೋ ಜೂನ್‌ನಲ್ಲಿ ಕೊಂಡು, ಒಮ್ಮೆಯೂ ಹಾಕದೆ, ಜುಲೈನಲ್ಲಿ ಕೊಟ್ಟುಬಿಟ್ಟಿದ್ದಾರೆ! 4 ಪೌಂಡ್. ಸಿನಿಮಾದಲ್ಲಿ ಕಳೆದುಹೋದ ತಂಗಿ ಸಿಕ್ಕ ಹಾಗೆ ಎದೆಗೊತ್ತಿಕೊಂಡು ಕೌಂಟರಿಗೆ ಹೋದೆ.

ಮೊದಲ ದಿನ ಸ್ಟೇಷನ್‌ವರೆಗೆ ಇಪ್ಪತ್ತು ನಿಮಿಷ ನಡೆದೆ. ಹತ್ತನೇ ನಿಮಿಷಕ್ಕೆ ಕಾಲು ಬೆವರಿ ಒಳಗೆ ಪಚಕ್ ಪಚಕ್ ಶಬ್ದ. ಹದಿನೈದನೇ ನಿಮಿಷಕ್ಕೆ ಹಿಮ್ಮಡಿಯಲ್ಲಿ ಗುಳ್ಳೆ. ಮಳೆ ನೀರಿನಲ್ಲಿ ತೊಳೆಯುತ್ತಾ ನಡೆಯಲಿಕ್ಕೆ ಮಾಡಿದ್ದನ್ನು ಬಿಸಿಲಲ್ಲಿ ಒಣ ರಸ್ತೆಯ ಮೇಲೆ ಹಾಕಿದರೆ ಇನ್ನೇನಾಗುತ್ತದೆ? ಚಿಕ್ಕಂದಿನಲ್ಲಿ ಗುಳ್ಳೆ ಬಂದ ನೆನಪೇ ಇಲ್ಲ, ಕಾಲು ಯಾವಾಗಲೂ ನೀರಲ್ಲೇ ಇರುತ್ತಿತ್ತು.

ಮೆಡಿಕಲ್ ಶಾಪಿನಲ್ಲಿ ಗುಳ್ಳೆಗೆ ಅಂಟಿಸುವ ಪ್ಲಾಸ್ಟರ್ 5 ಪೌಂಡ್. ಚಪ್ಪಲಿಗಿಂತ ಜಾಸ್ತಿ. ತೆಳು ಸಾಕ್ಸ್ ಹಾಕಿಕೋ, ಈಗ ಎಲ್ಲರೂ ಹಾಗೇ ಹಾಕುತ್ತಾರೆ ಅಂತ ಆಫೀಸಿನ ಹುಡುಗಿ ಹೇಳಿದಳು. ಅದಕ್ಕೆ 3 ಪೌಂಡ್. ಒಟ್ಟು 12. ಪ್ಲಾಸ್ಟಿಕ್ ಚಪ್ಪಲಿಯೊಳಗೆ ಬಿಳಿ ಸಾಕ್ಸ್! ನಮ್ಮ ಶಾಲೆಯಲ್ಲಿ ಹಾಗೆ ಬಂದಿದ್ದರೆ ವರ್ಷವಿಡೀ ಅಡ್ಡಹೆಸರು ಗ್ಯಾರಂಟಿ.

ಅದರ ನಿಜವಾದ ಬೆಲೆ ಗೊತ್ತಾಗಿದ್ದು ಆಗಸ್ಟ್‌ನಲ್ಲಿ ಬ್ರೈಟನ್‌ಗೆ ಹೋದಾಗ. ಅಲ್ಲಿನ ಬೀಚ್‌ನಲ್ಲಿ ನಮ್ಮ ಮಲ್ಪೆ, ಮರವಂತೆಯ ಹಾಗೆ ಮರಳಿಲ್ಲ. ಎಲ್ಲಾ ಉರುಟು ಕಲ್ಲು. ಗೆಳತಿಯರೆಲ್ಲ ಬರಿಗಾಲಲ್ಲಿ ಅಯ್ಯೋ ಅಮ್ಮಾ ಅನ್ನುತ್ತಾ, ಕೈ ಅಗಲಿಸಿಕೊಂಡು, ಕಾಲುಸಂಕ ದಾಟುವವರ ಹಾಗೆ ನೀರಿನ ಕಡೆ ಹೋಗುತ್ತಿದ್ದರು. ನಾನು ಸಾಕ್ಸ್ ಕಿತ್ತು ಬ್ಯಾಗಿಗೆ ಹಾಕಿ ಸೀದಾ ನಡೆದೆ. ಅಲೆ ಬಂದು ಪಟ್ಟಿಗಳ ಸಂದಿಯಿಂದ ನುಗ್ಗಿತು, ಹೋಯಿತು. ಕಾಲ ಬೆರಳ ನಡುವೆ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡಿತು. ಬಗ್ಗಲಿಲ್ಲ, ಕಾಲನ್ನು ಹಾಗೇ ನೀರಲ್ಲಿ ಒದರಿದೆ. ಬಿದ್ದುಹೋಯಿತು. ಆ ಒದರುವಿಕೆ ಕಾಲಿಗೆ ಇನ್ನೂ ನೆನಪಿತ್ತು ನೋಡಿ.

ವಾಪಸ್ ಬರುವಾಗ ಸ್ಟೇಷನ್ ಮೆಟ್ಟಿಲ ಮೇಲೆ ಬಕಲ್ ಹತ್ತಿರ ಪಟ್ಟಿ ಕಿತ್ತುಬಂತು. ಗೆಳತಿ "ಬಿಸಾಕು, ನಾಲ್ಕು ಪೌಂಡ್ ತಾನೆ" ಅಂದಳು. ಆದರೆ ಇದರ ರಿಪೇರಿ ನನಗೆ ಬರುತ್ತದಲ್ಲ! ಅಜ್ಜ ಹಳೇ ಚಾಕುವನ್ನು ಒಲೆಯಲ್ಲಿ ಕಾಯಿಸಿ, ಕಿತ್ತ ಎರಡೂ ತುದಿಗಳ ನಡುವೆ ಇಟ್ಟು, ಕರಗುತ್ತಿದ್ದ ಹಾಗೆ ಚಾಕು ಎಳೆದು ಎರಡನ್ನೂ ಒತ್ತಿ ಹಿಡಿಯುತ್ತಿದ್ದರು. ಆ ಜಾಗದಲ್ಲಿ ಒಂದು ಕಪ್ಪು ಗಂಟು ಉಳಿಯುತ್ತಿತ್ತು. ಜೂನ್‌ನ ಚಪ್ಪಲಿ ಸೆಪ್ಟೆಂಬರ್ ಮುಟ್ಟುವಷ್ಟರಲ್ಲಿ ಅಂಥ ಮೂರು ಗಂಟಾದರೂ ಇರುತ್ತಿದ್ದವು.

ರಾತ್ರಿ ಗ್ಯಾಸ್ ಹಚ್ಚಿ ಬೆಣ್ಣೆ ಹಚ್ಚುವ ಚಾಕು ಕಾಯಿಸಿದೆ. ಪಟ್ಟಿಗೆ ತಾಗಿಸಿದ್ದೇ ತಡ, ಚುಂಯ್ ಅಂತ ಹೊಗೆ, ಮೂಗು ಕಿತ್ತುಹೋಗುವ ವಾಸನೆ. ಮರುಕ್ಷಣ ಚಾವಣಿಯ ಹೊಗೆ ಅಲಾರಂ ಕಿರುಚಿಕೊಂಡಿತು. ಅಜ್ಜನ ಅಡುಗೆಮನೆಗೆ ಹೆಂಚಿನ ಮಾಡು, ಹೊಗೆ ತಾನಾಗಿ ಹೋಗುತ್ತಿತ್ತು. ಈ ಪ್ಲಾಸ್ಟಿಕ್ ಸುಟ್ಟ ಹೊಗೆ ಒಳ್ಳೆಯದಲ್ಲ, ಕಿಟಕಿ ತೆಗೆದಿಟ್ಟು ಶುರು ಮಾಡಬೇಕಿತ್ತು. ನಾನು ಒಂದು ಕೈಯಲ್ಲಿ ಪಟ್ಟಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಟವೆಲ್ ಬೀಸುತ್ತಾ ಕುರ್ಚಿಯ ಮೇಲೆ ನಿಂತಿದ್ದೆ. ಮೇಲಿನ ಮನೆಯವರು ಬಾಗಿಲು ಬಡಿದು "ಎಲ್ಲಾ ಸರಿಯಿದೆಯಾ?" ಅಂತ ಕೇಳಿದರು. ಚಪ್ಪಲಿ ರಿಪೇರಿ ಅಂದೆ. ಅವರ ಮುಖ ನೀವು ನೋಡಬೇಕಿತ್ತು.

ಆದರೆ ಬೆಸುಗೆ ಕೂತಿತು. ಬೆಳ್ಳಿ ಮಿಂಚಿನ ನಡುವೆ ಒಂದು ಕಂದು ಗಂಟು. ಅದು ಅಜ್ಜನ ಸಹಿ.

ಅಷ್ಟು ಹೊತ್ತಿಗೆ ಬೇಸಿಗೆಯ ಆಟ ಮುಗಿದಿತ್ತು. ಆಗಸ್ಟ್ ಕೊನೆಗೆ ಅಂಗಡಿ ಕಿಟಕಿಗಳಲ್ಲಿ ಬೂಟು, ಶಾಲಾ ಯೂನಿಫಾರಂ. ಆಫೀಸಿನ ಹುಡುಗಿಯ ಜೆಲ್ಲಿ ಶೂ ಮಾಯ. ಬ್ರಿಟನ್ನಿನಲ್ಲಿ 1884ರಿಂದ ಇಟ್ಟ ಲೆಕ್ಕದಲ್ಲೇ 2025ರದ್ದು ಅತಿ ಬೆಚ್ಚಗಿನ ಬೇಸಿಗೆಯಂತೆ. ಮೂರು ತಿಂಗಳ ಸರಾಸರಿ 16.10 ಡಿಗ್ರಿ. ಕೊಪ್ಪದಲ್ಲಿ ಆ ಚಳಿಗೆ ನಾವು ಸ್ವೆಟರ್ ಹುಡುಕುತ್ತೇವೆ. ಅಕ್ಟೋಬರ್‌ನಲ್ಲಿ ಒಮ್ಮೆ ಹಾಕಿ ನೋಡಿದೆ. ತಂಡಿಗೆ ಪ್ಲಾಸ್ಟಿಕ್ ಗಟ್ಟಿಯಾಗಿ ಹಲಗೆಯಂತಾಗಿತ್ತು. ಲೆಕ್ಕ ಹಾಕಿದರೆ ಅದೂ ಸೇರಿ ಒಂಬತ್ತು ಸಲ ಹಾಕಿದ್ದೇನೆ.

ಊರಲ್ಲಾಗಿದ್ದರೆ ಗುಜರಿಯವನು ಬರುತ್ತಿದ್ದ. ಹಳೇ ಪ್ಲಾಸ್ಟಿಕ್ ಚಪ್ಪಲಿ ತಕ್ಕಡಿಗೆ ಹಾಕಿ ಒಂದಿಷ್ಟು ಬೆಳ್ಳುಳ್ಳಿಯಾದರೂ ಕೊಡುತ್ತಿದ್ದ. ಇಲ್ಲಿ ಮನೆಯ ರಿಸೈಕಲ್ ಡಬ್ಬಕ್ಕೆ ಚಪ್ಪಲಿ ಹಾಕುವ ಹಾಗಿಲ್ಲ. ಗಂಟು ಬಿದ್ದದ್ದನ್ನು ಮತ್ತೆ ಚಾರಿಟಿ ಶಾಪಿಗೆ ಕೊಡಲಿಕ್ಕೆ ನನಗೇ ನಾಚಿಕೆ.

ಭಾನುವಾರ ವಿಡಿಯೊ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. "ಎಂತದೇ ಇದು, ಮಳೆಗಾಲದ ಚಪ್ಪಲಿ ಅಲ್ದನೇ? ಇದಕ್ಕೆ ಅಲ್ಲಿ ದುಡ್ಡು ಕೊಟ್ಯಾ?"

ನಾಲ್ಕು ಪೌಂಡ್ ಅಂದೆ. ಪ್ಲಾಸ್ಟರಿನ ವಿಷಯ ಹೇಳಲಿಲ್ಲ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಐದನೇ ನಂಬರಾ?" ಅಂದರು.

"ಹ್ಞೂಂ."

"ಹಾಗಾದ್ರೆ ಬಿಸಾಕ್ಬೇಡ ಮಾರಾಯ್ತಿ. ಬರುವಾಗ ತಗೊಂಡು ಬಾ. ನಂಗೆ ಕೊಟ್ಟಿಗೆಗೆ ಹೋಗ್ಲಿಕ್ಕೆ ಆಗ್ತದೆ. ಆ ಮಿಂಚು ನೋಡಿ ಗೌರಿ ಒದೆಯದಿದ್ರೆ ಸಾಕು."