ರಜೆ ಕಾರ್ಡು

ಜುಲೈ ತಿಂಗಳು, ಬೆಳಿಗ್ಗೆ ಏಳು ಗಂಟೆ, ಅಂಕೋಲಾ ಕಡೆಯ ಒಂದು ಮನೆ. ಹತ್ತು ವರ್ಷದ ಹುಡುಗ ಯೂನಿಫಾರ್ಮ್ ತೊಟ್ಟು, ಅವಲಕ್ಕಿ ತಿಂದು, ಬ್ಯಾಗ್ ಹಾಕಿಕೊಂಡು ಜಗಲಿಯ ಅದೇ ಕಂಬದ ಪಕ್ಕ ನಿಂತಾಗಿದೆ. ಅಷ್ಟರಲ್ಲಿ ವಾಟ್ಸಾಪಿಗೆ ಬರುತ್ತದೆ: ರೆಡ್ ಅಲರ್ಟ್, ಕರಾವಳಿ ತಾಲೂಕುಗಳ ಶಾಲೆಗಳಿಗೆ ಇಂದು ರಜೆ. ಕೇರಿಯ ಉಳಿದ ಮಕ್ಕಳು ಕುಣಿಯುತ್ತಿದ್ದರೆ ಈ ಮನೆಯಲ್ಲಿ ಹುಡುಗ ಬಾಗಿಲಿಗೆ ತಲೆ ಬಡಿಯತೊಡಗುತ್ತಾನೆ. ಆಟಿಸಂ ಇರುವ ಮಕ್ಕಳೊಂದಿಗೆ ವರ್ಷಗಟ್ಟಲೆ ಕೆಲಸ ಮಾಡಿದ ಕರಾವಳಿಯ ಶಿಕ್ಷಕರಿಗೆ ಈ ಬೆಳಗು ಹೊಸದೇನಲ್ಲ.

"ತಮಾ, ಇವತ್ತು ಶಾಲೆ ಇಲ್ಲ" ಅಂತ ಆಯಿ ಹೇಳುತ್ತಾಳೆ. ಅಜ್ಜಿ ಹೇಳುತ್ತಾಳೆ. ಅಪ್ಪ ದನಿ ಏರಿಸಿ ಹೇಳುತ್ತಾನೆ. ಹಿಂದೆ ಟಿವಿಯಲ್ಲಿ ಮಳೆ ಸುದ್ದಿ, ಮೇಲೆ ತಗಡಿನ ಮಾಡಿನ ಸದ್ದು. 'ಇಲ್ಲ' ಅನ್ನುವ ಮಾತು ವ್ಯಾನನ್ನು ಕಿತ್ತುಕೊಂಡು ಹೋಗುತ್ತದೆ, ಆ ಜಾಗದಲ್ಲಿ ಏನನ್ನೂ ಇಡುವುದಿಲ್ಲ. ಸಂಜೆ ನಾಲ್ಕರ ತನಕದ ದಿನ ಅವನ ಮುಂದೆ ಬರಿದು. ಸಮಾಧಾನಕ್ಕೆ ಇನ್ನೊಂದು ಮಾತು ಸೇರುತ್ತದೆ: "ಮಳೆ ಜೋರು, ಅದಕ್ಕೇ ರಜೆ." ಇದು ಇನ್ನೂ ಕೆಟ್ಟದ್ದು. ನಿನ್ನೆಯೂ ಮಳೆ ಜೋರಿತ್ತು, ಶಾಲೆಯೂ ಇತ್ತು. ಮಾತನ್ನು ಇದ್ದಂತೆಯೇ ಹಿಡಿಯುವ ಮಗು ಮುಂದಿನ ವಾರ ನಾಲ್ಕು ಹನಿ ಬಿದ್ದರೂ ಬ್ಯಾಗ್ ಕೆಳಗಿಡುತ್ತದೆ. ಅದಕ್ಕೆ ರಜೆಯನ್ನು ಮಳೆಗೆ ಗಂಟುಹಾಕದೆ ಒಂದು ಕಾರ್ಡಿಗೆ ಗಂಟುಹಾಕಬೇಕು: ಕಾರ್ಡು ಬಂದರೆ ರಜೆ.

ಆ ಕಾರ್ಡು ಜೂನ್ ಮೊದಲ ವಾರದಲ್ಲೇ ತಯಾರಿರಬೇಕು. ಅದರ ಜೊತೆ ದಿನದ ಒಂದೊಂದು ಕೆಲಸಕ್ಕೂ ಒಂದು ಫೋಟೋ ಕಾರ್ಡು, ಅವನ್ನು ಸಾಲಾಗಿ ಅಂಟಿಸಲು ಒಂದು ಹಲಗೆ. ಫೋಟೋಗಳು ಮೂರು ಇಂಚಿನ ಚೌಕದಲ್ಲಿ ಸಾಕು. ಫೋಟೋ ಅವನು ಹತ್ತುವ ವ್ಯಾನಿನದೇ, ಅವನ ಊಟದ ತಟ್ಟೆಯದೇ ಆಗಿರಲಿ. ಅಂತರ್ಜಾಲದಲ್ಲಿ ಸಿಗುವ ಹಳದಿ ಬಸ್ಸಿನ ಚಿತ್ರ ನಮ್ಮ ಕಡೆಯ ಮಗುವಿಗೆ ಯಾವ ಬಸ್ಸೂ ಅಲ್ಲ. ಕಾರವಾರದಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಎರಡೂ ಕಡೆ ಅದೇ ಫೋಟೋ ಇದ್ದರೆ ಆ ತೊಡಕೂ ಕಡಿಮೆ.

ಲ್ಯಾಮಿನೇಷನ್ ಮಾಡಿಸಿದ ಮೇಲೆ ಫೋಟೋದ ಅಂಚಿಗೇ ಕತ್ತರಿ ಹಾಕಬಾರದು. ಸುತ್ತ ಕಾಲು ಇಂಚು ಪ್ಲಾಸ್ಟಿಕ್ ಬಿಡಬೇಕು. ಇಲ್ಲದಿದ್ದರೆ ನಮ್ಮ ಆಷಾಢದ ತೇವ ಒಳಗೆ ಹೊಕ್ಕು ಪದರ ಏಳುತ್ತದೆ, ಅದನ್ನು ಸುಲಿಯುವುದೇ ಮಗುವಿಗೆ ದಿನವಿಡೀ ಕೆಲಸವಾಗುತ್ತದೆ. ಮೂಲೆಗಳನ್ನು ದುಂಡಗೆ ಕತ್ತರಿಸಿ. ವೆಲ್ಕ್ರೋದ ಮೆತ್ತಗಿನ ಪಟ್ಟಿ ಹಲಗೆಗೆ, ಒರಟು ತುಂಡು ಕಾರ್ಡಿಗೆ. ಒಂದೆರಡು ಕಾರ್ಡಿಗೆ ಅದಲುಬದಲಾದರೂ ಅವು ಅಂಟುವುದಿಲ್ಲ. ಅಂಟಿನ ವೆಲ್ಕ್ರೋ ಮಳೆಗಾಲದಲ್ಲಿ ಕಿತ್ತು ಬರುತ್ತದೆ, ಸ್ಟೇಪಲ್ ಪಿನ್ ತುಕ್ಕು ಹಿಡಿಯುತ್ತದೆ. ಹಲಗೆಯ ಬದಲು ದಪ್ಪ ಬಟ್ಟೆಗೆ ಪಟ್ಟಿಯನ್ನು ಹೊಲಿಸಿ ಗೋಡೆಗೆ ತೂಗುಹಾಕಿದರೆ ಬಾಳಿಕೆ ಬರುತ್ತದೆ.

ಇವುಗಳ ಜೊತೆ ಕೆಂಪು ಬಣ್ಣದ 'ಬದಲಾವಣೆ' ಕಾರ್ಡು ಒಂದು. ರಜೆ ತಿಳಿಸುವುದೂ ಇದೇ: ವ್ಯಾನಿನ ಕಾರ್ಡಿನ ಮೇಲೆ ಇದು ಬಂದರೆ ರಜೆ. ಎಲ್ಲರೂ ಎಡವುವುದು ಇಲ್ಲಿ. ಕೆಟ್ಟ ಸುದ್ದಿ ಬಂದ ದಿನ ಮಾತ್ರ ಅದನ್ನು ಹೊರಗೆ ತೆಗೆಯುತ್ತಾರೆ, ಮೂರನೇ ಸಲಕ್ಕೆ ಮಗು ಅದನ್ನು ಕಿಟಕಿಯಾಚೆ ಎಸೆಯುತ್ತದೆ. ಮೊದಲ ಹತ್ತು ಬದಲಾವಣೆಗಳಲ್ಲಿ ಏಳೆಂಟು ಅವನಿಗೆ ಖುಷಿ ಕೊಡುವಂಥವಾಗಿರಲಿ: ಬರೆಯುವುದರ ಬದಲು ಉಯ್ಯಾಲೆ, ಇಡ್ಲಿಯ ಬದಲು ದೋಸೆ. ಆಮೇಲೆ ಕೊಠಡಿ ಬದಲು, ಕುರ್ಚಿ ಬದಲು. ಇಷ್ಟದ್ದು ತಪ್ಪುವ ಬದಲಾವಣೆ ಕೊನೆಗೆ.

ಇನ್ನು ಆ ಬೆಳಿಗ್ಗೆಯ ಮಾತು. ಮಾತಾಡುವವರು ಒಬ್ಬರೇ, ಟಿವಿ ಬಂದ್. ಮಗು ನೋಡುತ್ತಿರುವಾಗ ವ್ಯಾನಿನ ಕಾರ್ಡಿನ ಮೇಲೆ ಕೆಂಪು ಕಾರ್ಡು ಅಂಟಿಸಿ, ಪಕ್ಕದಲ್ಲಿ 'ಮನೆ' ಇಡಬೇಕು. ವ್ಯಾನಿನ ಕಾರ್ಡನ್ನು, ಮುಗಿದ ಕೆಲಸದ ಕಾರ್ಡು ಹಾಕುವ 'ಮುಗಿಯಿತು' ಚೀಲಕ್ಕೆ ಹಾಕಬಾರದು, ಬಾರದ ವ್ಯಾನು ಮುಗಿಯುವುದು ಹೇಗೆ? ಎರಡೇ ಮಾತು: "ವ್ಯಾನ್ ರಜೆ. ಮನೆ." ಮತ್ತೆ ಹೇಳುವ ಮುಂಚೆ ಮನಸ್ಸಿನಲ್ಲೇ ಹತ್ತು ಎಣಿಸಿ. ಎರಡನೇ ಸಲ ಬೇಗ ಹೇಳಿದಷ್ಟೂ ಮೊದಲನೆಯದು ಕೆಡುತ್ತದೆ. ನಂತರದ ಕಾರ್ಡುಗಳು ಮೂರೋ ನಾಲ್ಕೋ: ಮನೆಬಟ್ಟೆ, ಕೆಲಸದ ಡಬ್ಬಿ (ಕೂತು ಮಾಡುವ ಸಣ್ಣ ಕೆಲಸದ ಸಾಮಾನು), ಅವನೇ ಆರಿಸುವ ಆಟ, ಊಟ. ಯೂನಿಫಾರ್ಮ್ ಮೈಮೇಲೆ ಇರುವಷ್ಟು ಹೊತ್ತು ಶಾಲೆಯೂ ಇದ್ದಂತೆ. ಎಳೆದು ಬಿಚ್ಚಿಸುವುದು ಬೇಡ, ಮನೆಬಟ್ಟೆಯನ್ನು ಕಣ್ಣಿಗೆ ಬೀಳುವಂತೆ ಇಟ್ಟರೆ ಸಾಕು. ಅಕ್ಕನ ಡಿಗ್ರಿ ಕಾಲೇಜಿಗೆ ರಜೆ ಇರದ ದಿನಗಳೂ ಇವೆ. ಅವಳು ಬ್ಯಾಗ್ ಹಾಕಿಕೊಂಡು ಮುಂಬಾಗಿಲಿಂದ ಹೊರಟರೆ ಇಷ್ಟೆಲ್ಲ ಮಾಡಿದ್ದು ನೀರಿಗೆ. ಹಿತ್ತಲ ಬಾಗಿಲಿದೆ.

ನಾಳೆ ಶಾಲೆ ಇದೆ ಎಂದು ಭಾಷೆ ಕೊಡಬೇಡಿ. ಆದೇಶ ಮರುದಿನಕ್ಕೂ ಮುಂದುವರಿಯಬಹುದು. ನಾಳೆಯ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆಯ ಕಾರ್ಡು ಹಾಕಿ, ಖಚಿತವಾದ ಮೇಲೆ ಅವನ ಕೈಯಲ್ಲೇ ತೆಗೆಸಿ.

ಇಷ್ಟಾದರೂ ಕೆಲವು ದಿನ ಕೈಮೀರುತ್ತದೆ. ಆಗ ಮನೆಯವರ ಮೊದಲ ಮಾತು 'ಹಠ'. ಹಠಕ್ಕೆ ನೋಡುವವರು ಬೇಕು, ಕೇಳಿದ್ದು ಸಿಕ್ಕಿದರೆ ಅದು ಸಾಮಾನ್ಯವಾಗಿ ನಿಲ್ಲುತ್ತದೆ. ಇದು ಹಾಗಲ್ಲ, ವ್ಯಾನೇ ಬಂದು ನಿಂತರೂ ಹಲವು ಸಲ ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಕಾರ್ಡೂ ಬೇಡ, ಪಾಠವೂ ಬೇಡ. ತಲೆಗೂ ಬಾಗಿಲಿಗೂ ನಡುವೆ ದಿಂಬು, ದೀಪ ಮಂದ, ಜನ ದೂರ. ಇಳಿದ ಮೇಲೆ ನೀರು, ವಿಶ್ರಾಂತಿ. ಹಳೆಯ ಫೈಲುಗಳಲ್ಲಿ ಇಂಥ ಮಕ್ಕಳ ಹೆಸರಿನ ಮುಂದೆ 'ಹಠಮಾರಿ' ಅಂತಲೇ ಇರುತ್ತಿತ್ತು. 1995ರ ಅಂಗವಿಕಲರ ಕಾಯ್ದೆಯ ಏಳು ವರ್ಗಗಳಲ್ಲಿ ಆಟಿಸಂ ಇರಲಿಲ್ಲ, 2016ರ ಕಾಯ್ದೆಯ 21ರಲ್ಲಿ ಅದು ಸೇರಿತು. ಬಾಯಿಮಾತು ಇನ್ನೂ ಅಷ್ಟು ಬದಲಾಗಿಲ್ಲ.

ಅವತ್ತೇ ಬರೆದಿಡಿ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ನಾವೇನು ಮಾಡಿದೆವು, ಎಷ್ಟು ನಿಮಿಷ. ಪೆನ್ಸಿಲ್ ವಾಸಿ, ತಂಡಿ ಹಿಡಿದ ಕಾಗದದಲ್ಲಿ ಶಾಯಿ ಹರಡುತ್ತದೆ. ನಾಲ್ಕೈದು ಹಾಳೆಯಾದ ಮೇಲೆ ಓದಿದರೆ, ಕೆಲವು ಮನೆಗಳಲ್ಲಿ ಗಲಾಟೆಗೆ ರಜೆಗಿಂತ ತಗಡಿನ ಸದ್ದೇ ಕಾರಣ ಎಂದು ತಿಳಿಯುತ್ತದೆ. ಅಂಥ ಮಗುವಿಗೆ ಸದ್ದು ತಡೆಯುವ ಕಿವಿಮುಚ್ಚಿಗೆ ಕೊಡಬಹುದು, ಮಳೆ ಹೊಯ್ಯುವಷ್ಟು ಹೊತ್ತು ಮಾತ್ರ. ದಿನವಿಡೀ ಹಾಕಿದರೆ ಸಣ್ಣ ಸದ್ದಿಗೂ ಕಿವಿ ನೋಯುವಂತಾಗಬಹುದು.

ಇನ್ನೊಂದು ಬಾಕಿ ಇದೆ. ಮಳೆ ರಜೆಯ ಪಾಠವನ್ನು ಸರಿದೂಗಿಸಲು ಶನಿವಾರ ಪೂರ್ತಿ ದಿನ ಶಾಲೆ ಇಡುತ್ತಾರೆ. ಬೇರೆ ಶನಿವಾರ ಮಧ್ಯಾಹ್ನವೇ ಮನೆಗೆ ಬರುವವನಿಗೆ ಅವತ್ತು ಸಂಜೆಯಾಗುತ್ತದೆ. ಕೆಂಪು ಕಾರ್ಡು ಶುಕ್ರವಾರ ಸಂಜೆಯೇ ಹಲಗೆಗೆ ಏರಲಿ, ಬುತ್ತಿ ಡಬ್ಬಿಯ ಫೋಟೋ ಅದರ ಪಕ್ಕದಲ್ಲಿ.