ಕೆಂಪು ವಿಮಾನಕ್ಕೆ ಏನಾಗಿದೆ?

ತಂಗಿ ಸಿಡ್ನಿಯಲ್ಲಿದ್ದಾಳೆ. ನಿನ್ನೆ ಅವಳ ಊರಿನ ವಿಮಾನದ ಸದ್ದು ತೋರಿಸುವ ಮ್ಯಾಪ್ ಕಳಿಸಿದ್ದಳು. ಅವ್ವ ಇಣುಕಿ ನೋಡಿ, 'ಅಯ್ಯ, ಆ ಕೆಂಪು ವಿಮಾನಕ್ಕ ಏನಾಗೇತೋ?' ಅಂದಳು. ಏನೂ ಆಗಿಲ್ಲ, ಅದು ಇಳಿಯುತ್ತಿದೆ ಅಷ್ಟೇ. ಇಂಥ ಮ್ಯಾಪಲ್ಲಿ ಬಣ್ಣ ಅಪಾಯ ಹೇಳಲ್ಲ, ಬರೋದು ಯಾವುದು, ಹೋಗೋದು ಯಾವುದು ಅಂತ ಹೇಳುತ್ತೆ. ಅದೂ ಎಲ್ಲಾ ಕಡೆ ಒಂದೇ ಅಲ್ಲ, ಮೂಲೆಯಲ್ಲಿರುವ ವಿವರ ನೋಡಿಕೊಳ್ಳಬೇಕು.

ನೆಲದ ಮೇಲಿನ ಚುಕ್ಕಿಗಳು ಸದ್ದು ಅಳೆಯುವ ಮೈಕುಗಳು. ಪಕ್ಕದ ಅಂಕಿ ಡೆಸಿಬೆಲ್, ಅಂದರೆ ಸದ್ದಿನ ಅಳತೆ. 60 ಇದ್ದದ್ದು 70 ಆದರೆ ಸ್ವಲ್ಪ ಜಾಸ್ತಿ ಆಯ್ತು ಅಂದುಕೊಂಡಿದ್ದೆ. ಅಲ್ವಂತೆ, ಕಿವಿಗೆ ಸುಮಾರು ಎರಡು ಪಟ್ಟು! ಆದರೆ ಮೈಕಿಗೆ ವಿಮಾನ ಯಾವುದು, ಲಾರಿ ಯಾವುದು, ಬೊಗಳೋ ನಾಯಿ ಯಾವುದು ಗೊತ್ತಾಗಲ್ಲ. ಸದ್ದು ಜಾಸ್ತಿಯಾಗಿ ಚುಕ್ಕಿ ಉಬ್ಬಿದಾಗ ಮೇಲೆ ವಿಮಾನ ಇತ್ತಾ ಅಂತ ನಾವೇ ನೋಡಬೇಕು.

ನನಗೆ ಮಜಾ ಅನಿಸಿದ್ದು ಮ್ಯಾಪ್ ತೋರಿಸುವ ವಿಮಾನದ ಎತ್ತರ. ಸಾಮಾನ್ಯವಾಗಿ ಅದನ್ನು ಸಮುದ್ರ ಮಟ್ಟದಿಂದ ಲೆಕ್ಕ ಹಾಕುತ್ತಾರೆ. ಸಿಡ್ನಿ ವಿಮಾನ ನಿಲ್ದಾಣ ಕಡಲ ದಂಡೆಯಲ್ಲೇ ಇದೆ, ತೊಂದರೆ ಇಲ್ಲ. ನಮ್ಮ ಹುಬ್ಬಳ್ಳಿಯದು ಸುಮಾರು 660 ಮೀಟರ್ ಎತ್ತರದಲ್ಲಿದೆ. ಅಂದರೆ ಗೋಕುಲ ರೋಡಿನ ರನ್‌ವೇ ಮೇಲೆ ಸುಮ್ನೆ ನಿಂತ ವಿಮಾನವೂ ಅಂಥ ಮ್ಯಾಪಲ್ಲಿ ಎರಡು ಸಾವಿರ ಅಡಿ ಮೇಲೆ ಇದ್ದ ಹಾಗೆ ಕಾಣುತ್ತೆ!

ಇದನ್ನೆಲ್ಲ ಹೇಳಿ ಮುಗಿಸೋ ಹೊತ್ತಿಗೆ ನಮ್ಮ ತಲೆ ಮೇಲೇ ಒಂದು ಹೋಯ್ತು. ಅವ್ವ ಮ್ಯಾಪ್ ಬಿಟ್ಟು ಅಂಗಳಕ್ಕೆ ಓಡಿದಳು, ಹಪ್ಪಳದ ಹಿಟ್ಟಿನ ಕೈಯಲ್ಲೇ.